ಪಿಯಾನೊ ಬಿಟ್ಟು ಸಿಂಹಾಸನ ಏರಿದ ಮಹಾರಾಜರು. ಅವರಿಂದ ಉಳಿದ ಒಬ್ಬ ರಷ್ಯನ್ನರ ಸಂಗೀತ

ಮೈಸೂರು: ಸಬ್ ಅರ್ಬನ್ ಬಸ್ ಸ್ಟ್ಯಾಂಡ್ ಕಡೆಯಿಂದ ಅರಮನೆ ಕಡೆಗೆ ಬಂದರೆ ಹಾರ್ಡಿಂಜ್ ಸರ್ಕಲ್ ಸಿಗುತ್ತೆ. ಅಲ್ಲಿರೋದು ಜಯಚಾಮರಾಜೇಂದ್ರ ಒಡೆಯರ್ ಅವರ ಪ್ರತಿಮೆ. ದಿನಾ ಸಾವಿರಾರು ಜನ ಅದರ ಸುತ್ತ ಹಾದು ಹೋಗ್ತಾರೆ. ಅವರ ಹೆಸರಲ್ಲಿ ಊರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಇದೆ, ಬೆಂಗಳೂರಿನಲ್ಲಿ ರಸ್ತೆ ಇದೆ, ಬಡಾವಣೆ ಇದೆ. ಮೈಸೂರಿನ ಕೊನೆಯ ಮಹಾರಾಜರು, ಆಮೇಲೆ ರಾಜ್ಯಪಾಲರಾದವರು ಅಂತ ಎಲ್ಲರಿಗೂ ಗೊತ್ತು.

ಆದರೆ ಯುರೋಪಿನ ಸಂಗೀತ ಬಲ್ಲವರ ಹತ್ತಿರ ಮೈಸೂರು ಅಂತ ಹೇಳಿದರೆ ಅವರಿಗೆ ನೆನಪಾಗುವ ಹೆಸರೇ ಬೇರೆ. ಅದು ನಿಕೊಲಾಯ್ ಮೆಟ್ನರ್. ರಷ್ಯಾದಲ್ಲಿ ಹುಟ್ಟಿ, ದೇಶ ಬಿಟ್ಟು, ಲಂಡನ್ನಿನ ಒಂದು ಬಡಾವಣೆಯಲ್ಲಿ ಕಷ್ಟದಲ್ಲಿ ಬದುಕು ಮುಗಿಸಿದ ಕಂಪೋಸರ್. ಅವರು ತಮ್ಮ ಕೈಯಾರೆ ನುಡಿಸಿದ ಪಿಯಾನೊ ಇಂದಿಗೂ ಕೇಳಲು ಸಿಗುತ್ತೆ ಅಂದರೆ, ಅದರ ಬಹುಪಾಲಿಗೆ ಕಾರಣ ಹಾರ್ಡಿಂಜ್ ಸರ್ಕಲ್‌ನಲ್ಲಿ ಪ್ರತಿಮೆಯಾಗಿ ನಿಂತಿರುವ ಈ ಮಹಾರಾಜರು.

ಒಬ್ಬರನ್ನೊಬ್ಬರು ಬಂಧುಬಳಗ ಅನ್ನೋ ಹಾಗಿಲ್ಲ, ಭಾಷೆ ಬೇರೆ, ದೇಶ ಬೇರೆ, ವಯಸ್ಸಿನ ಅಂತರ ಸುಮಾರು 40 ವರ್ಷ. ಇಬ್ಬರನ್ನೂ ಸೇರಿಸಿದ್ದು ಸಂಗೀತ ಒಂದೇ.

*ಅರಮನೆ ಹುಡುಗನ ಪಿಯಾನೊ*

ಜಯಚಾಮರಾಜೇಂದ್ರ ಒಡೆಯರ್ ಹುಟ್ಟಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಕೆಂಪು ಚೆಲುವಾಜಮ್ಮಣ್ಣಿ. ಆಗ ಪಟ್ಟದಲ್ಲಿದ್ದವರು ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ. ಹಾಗಾಗಿ ಮುಂದೆ ಪಟ್ಟ ಬರುವುದು ತಮ್ಮನ ಕಡೆಗೇ ಅಂತ ಎಲ್ಲರಿಗೂ ಗೊತ್ತಿತ್ತು. ಆದರೆ ಅದಕ್ಕೆ ಇನ್ನೂ ಬಹಳ ಕಾಲ ಇದೆ ಅಂತಲೇ ಎಲ್ಲರ ಎಣಿಕೆ.

ಆ ಅರಮನೆ ಸಂಗೀತದ ಮನೆ. ನಾಲ್ವಡಿಯವರು ಸ್ವತಃ ಹಲವು ವಾದ್ಯ ನುಡಿಸುತ್ತಿದ್ದರು. ಅರಮನೆಯಲ್ಲಿ ಕರ್ನಾಟಕ ಸಂಗೀತದ ಆಸ್ಥಾನ ವಿದ್ವಾಂಸರೂ ಇದ್ದರು, ಇಂಗ್ಲಿಷ್ ಬ್ಯಾಂಡೂ ಇತ್ತು. ಒಂದು ಕಡೆ ವೀಣೆ, ಇನ್ನೊಂದು ಕಡೆ ಪಿಯಾನೊ. ಇದರ ಮಧ್ಯೆ ಬೆಳೆದ ಮಕ್ಕಳಿಗೆ ಎರಡೂ ನಮ್ಮದೇ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಜಯಚಾಮರಾಜರ ಅಕ್ಕತಂಗಿಯರಲ್ಲಿ ವಿಜಯಾದೇವಿ ಅವರೂ ಒಳ್ಳೆಯ ಪಿಯಾನೊ ವಾದಕಿ ಆದರು. ಮುಂದೆ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಆ್ಯಂಡ್ ಆರ್ಟ್ಸ್ ಸೊಸೈಟಿ ಕಟ್ಟಿದವರು ಅವರೇ.

ಹುಡುಗ ಓದಿನಲ್ಲೂ ಚುರುಕು. 1938ರಲ್ಲಿ ಮಹಾರಾಜ ಕಾಲೇಜಿನಿಂದ ಪದವಿ ಪಡೆದಾಗ ಪದಕಗಳ ಸಾಲೇ ಬಂತು. 1939ರಲ್ಲಿ ಯುರೋಪ್ ಪ್ರವಾಸ ಹೋದರು. ಮನಸ್ಸಿನಲ್ಲಿ ಇದ್ದದ್ದು ಒಂದೇ ಆಸೆ, ವೇದಿಕೆ ಮೇಲೆ ಕೂತು ನುಡಿಸುವ ಪಿಯಾನೊ ವಾದಕ ಆಗಬೇಕು ಅನ್ನೋದು. ರಾಜಮನೆತನದವರು ಸಂಜೆ ಹೊತ್ತು ಕಳೆಯೋಕೆ ಕಲಿಯೋ ಹಾಗಲ್ಲ, ಗಂಭೀರವಾಗಿ.

ಪಿಯಾನೊ ವಾದಕ ಆಗೋದು ಅಂದರೆ ಸುಮ್ಮನೆ ಅಲ್ಲ. ದಿನಕ್ಕೆ ಐದಾರು ಗಂಟೆ ಅಭ್ಯಾಸ, ವರ್ಷಗಟ್ಟಲೆ. ಬೇರೆ ಕೆಲಸಕ್ಕೆ ಪುರುಸೊತ್ತೇ ಇರಲ್ಲ. ರಾಜ್ಯ ಆಳುವವರಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು?

*ಐದೇ ತಿಂಗಳು, ಎರಡು ಸಾವು*

1940ರ ಮಾರ್ಚ್ 11ರಂದು ತಂದೆ ನರಸಿಂಹರಾಜ ಒಡೆಯರ್ ಬೊಂಬಾಯಿಯಲ್ಲಿ ತೀರಿಕೊಂಡರು. ಆ ದುಃಖ ಆರುವ ಮೊದಲೇ, ಆಗಸ್ಟ್ 3ರಂದು ದೊಡ್ಡಪ್ಪ ನಾಲ್ವಡಿಯವರೂ ಹೋದರು. ಐದು ತಿಂಗಳ ಒಳಗೆ ಮನೆಯ ಎರಡು ಕಂಬಗಳು ಬಿದ್ದ ಹಾಗಾಯಿತು. ಸೆಪ್ಟೆಂಬರ್ 8ರಂದು ಜಯಚಾಮರಾಜೇಂದ್ರ ಒಡೆಯರ್ ಸಿಂಹಾಸನ ಏರಿದರು. ಆಗ ವಯಸ್ಸು 21.

ಅಲ್ಲಿಗೆ ಪಿಯಾನೊ ವಾದಕ ಆಗುವ ಆಸೆ ಮುಗಿಯಿತು. ಹೊರಗೆ ಎರಡನೇ ಮಹಾಯುದ್ಧ ನಡೀತಾ ಇತ್ತು, ಒಳಗೆ ಸ್ವಾತಂತ್ರ್ಯ ಚಳವಳಿ. ನಾಲ್ವಡಿಯವರಂಥ ದೊಡ್ಡ ಹೆಸರಿನವರು ಕೂತ ಜಾಗದಲ್ಲಿ ಕೂರಬೇಕಿತ್ತು.

ಆದರೂ ಅವರು ಪಿಯಾನೊ ಮುಚ್ಚಿಡಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. 1945ರಲ್ಲಿ ಅಲ್ಲಿನ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋ ಸ್ಥಾನ ಕೊಟ್ಟಿತು. ಅರಮನೆಯಲ್ಲಿ ದೊಡ್ಡ ದೊಡ್ಡ ಕನ್ಸರ್ಟ್ ಪಿಯಾನೊಗಳು ಇದ್ದವು. ಗ್ರಾಮಾಫೋನ್ ಪ್ಲೇಟುಗಳ ಸಂಗ್ರಹ ಬೆಳೆದು ಬೆಳೆದು ಸುಮಾರು 20 ಸಾವಿರಕ್ಕೆ ಮುಟ್ಟಿತ್ತು ಅಂತ ಅಂದಾಜು. ತಾನು ವೇದಿಕೆ ಏರೋಕೆ ಆಗದಿದ್ದರೇನು, ಕೇಳೋದಕ್ಕೆ ಯಾರ ಅಡ್ಡಿ?

ಹೀಗೆ ಕೇಳುತ್ತಾ ಕೇಳುತ್ತಾ ಅವರು ಮನಸೋತದ್ದು ಮೆಟ್ನರ್ ಸಂಗೀತಕ್ಕೆ. ಹೆಸರಾಂತ ಬೀಥೋವನ್, ಮೊಜಾರ್ಟ್ ಇದ್ದೇ ಇದ್ದರು. ಅವರನ್ನೆಲ್ಲ ಜಗತ್ತು ಆಗಲೇ ಹೊತ್ತು ಮೆರೆಸುತ್ತಿತ್ತು. ಮೆಟ್ನರ್ ಹೆಸರು ಮಾತ್ರ ಲಂಡನ್ನಿನಲ್ಲೇ ಬಹಳ ಜನಕ್ಕೆ ಗೊತ್ತಿರಲಿಲ್ಲ.

*ಯಾರು ಈ ಮೆಟ್ನರ್?*

ಮೆಟ್ನರ್ ಹುಟ್ಟಿದ್ದು ಮಾಸ್ಕೊದಲ್ಲಿ, 1880ರ ಜನವರಿ 5ರಂದು. ಹಿರಿಯರ ಮೂಲ ಜರ್ಮನಿ. ಪಿಯಾನೊದ ಮೊದಲ ಪಾಠ ತಾಯಿಯಿಂದ. ಮಾಸ್ಕೊ ಕನ್ಸರ್ವೇಟರಿಯಲ್ಲಿ ಓದಿ 1900ರಲ್ಲಿ ಹೊರಬಂದಾಗ ಕೈಯಲ್ಲಿ ಆ್ಯಂಟನ್ ರೂಬಿನ್‌ಸ್ಟೈನ್ ಬಹುಮಾನ ಇತ್ತು. ದೊಡ್ಡ ವಾದಕ ಆಗಿ ಊರೂರು ಸುತ್ತಿ ಕಾಸು ಮಾಡಬಹುದಿತ್ತು. ಅದನ್ನು ಬಿಟ್ಟು ಸಂಗೀತ ಬರೆಯೋಕೆ ಕೂತರು. ಮನೆಯವರಿಗೆ ಅದು ಹಿಡಿಸಲಿಲ್ಲ.

ಅವರು ಬರೆದದ್ದೆಲ್ಲದರಲ್ಲೂ ಪಿಯಾನೊ ಇದ್ದೇ ಇರುತ್ತೆ. 14 ಪಿಯಾನೊ ಸೊನಾಟ, ಮೂರು ಪಿಯಾನೊ ಕನ್ಚೆರ್ಟೊ, ಮೂರು ಪಿಟೀಲು ಸೊನಾಟ, ನೂರಕ್ಕೂ ಹೆಚ್ಚು ಹಾಡು. ಜೊತೆಗೆ ಸ್ಕಾಜ್ಕಿ ಅಂತ ಸಣ್ಣ ಸಣ್ಣ ಪಿಯಾನೊ ರಚನೆಗಳು. ರಷ್ಯನ್ ಭಾಷೆಯಲ್ಲಿ ಅದರ ಅರ್ಥ ಕಥೆಗಳು, ನಮ್ಮ ಅಜ್ಜಿ ಕತೆಗಳ ಹಾಗೆ. ಮಾತಿಲ್ಲ, ಬರೀ ಪಿಯಾನೊ. ಆದರೆ ಯಾರೋ ದೀಪದ ಪಕ್ಕ ಕೂತು ಕತೆ ಹೇಳ್ತಾ ಇದ್ದಾರೆ ಅನ್ನಿಸುತ್ತೆ.

ಹಾಗಾದರೆ ಹೆಸರು ಯಾಕೆ ಬರಲಿಲ್ಲ? ಇದಕ್ಕೆ ಎರಡು ಕಾರಣ.

ಒಂದು, ಅದು ಒಂದೇ ಸಲ ಕೇಳಿದರೆ ಕೈಗೆ ಸಿಗುವ ಸಂಗೀತ ಅಲ್ಲ. ಬಾಯಲ್ಲಿ ಗುನುಗೋ ಅಂಥ ಮಟ್ಟು ಥಟ್ಟನೆ ಸಿಗಲ್ಲ. ಒಂದು ಸಣ್ಣ ಎಳೆ ಶುರುವಾಗುತ್ತೆ, ಅದರ ಕೆಳಗೆ ಇನ್ನೊಂದು, ಎರಡೂ ಹೆಣೆದುಕೊಂಡು ಮೂರನೆಯದು. ಮೂರು ಸಲ, ನಾಲ್ಕು ಸಲ ಕೇಳಿದ ಮೇಲೆ ಒಳಗಿನ ನೇಯ್ಗೆ ಕಾಣೋಕೆ ಶುರುವಾಗುತ್ತೆ. ಕಚೇರಿಗೆ ಟಿಕೆಟ್ ತಗೊಂಡು ಬಂದು ಒಂದೇ ಸಲ ಕೇಳಿ ಹೋಗುವವರಿಗೆ ಅದು ದಕ್ಕೋದು ಕಷ್ಟ. ಪ್ಲೇಟು ಹಾಕಿಕೊಂಡು ಮತ್ತೆ ಮತ್ತೆ ಕೇಳುವವರಿಗೆ ದಕ್ಕುತ್ತೆ. ಮೈಸೂರಿನ ಮಹಾರಾಜರು ಅಂಥ ಕೇಳುಗ.

ಇನ್ನೊಂದು, ಕಾಲ. ಯುರೋಪಿನಲ್ಲಿ ಸಂಗೀತದ ಹಳೇ ಕಟ್ಟುಪಾಡು ಮುರಿಯುವ ಹೊಸ ಗಾಳಿ ಜೋರಾಗಿ ಬೀಸುತ್ತಿದ್ದ ಕಾಲ ಅದು. ಮೆಟ್ನರ್ ಅದನ್ನು ಒಪ್ಪಲಿಲ್ಲ. ಒಪ್ಪದೆ ಸುಮ್ಮನಿರಲೂ ಇಲ್ಲ, 1935ರಲ್ಲಿ ಅದರ ವಿರುದ್ಧ ಒಂದು ಪುಸ್ತಕವನ್ನೇ ಬರೆದು ಹೊರತಂದರು. ಹೊಸಬರ ಕಣ್ಣಿಗೆ ಅವರು ಹಳಬ. ಹಳೇದನ್ನು ಇಷ್ಟಪಡುವ ಜನಕ್ಕೆ ಅವರ ಸಂಗೀತ ಕಷ್ಟ. ಎರಡೂ ಕಡೆ ಸಲ್ಲಲಿಲ್ಲ.

ರಷ್ಯಾದ ಕ್ರಾಂತಿ ಆದ ಮೇಲೆ 1921ರಲ್ಲಿ ಹೆಂಡತಿ ಆನಾ ಜೊತೆ ದೇಶ ಬಿಟ್ಟರು. ಜರ್ಮನಿ, ಫ್ರಾನ್ಸ್ ಅಂತ ಅಲೆದು 1930ರ ದಶಕದ ಮಧ್ಯದಲ್ಲಿ ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಬಡಾವಣೆಯಲ್ಲಿ ನೆಲೆ ನಿಂತರು. ಅವರ ಬೆನ್ನಿಗೆ ನಿಂತ ದೊಡ್ಡ ಗೆಳೆಯ ಅಂದರೆ ಜಗತ್ಪ್ರಸಿದ್ಧ ರಾಖ್ಮನಿನೊಫ್. ಅಮೆರಿಕದಲ್ಲಿ ಕಚೇರಿ ಕೊಡಿಸಿದ್ದು ಅವರು, ಆ ಪುಸ್ತಕ ಅಚ್ಚು ಹಾಕಿಸಿದ್ದೂ ಅವರು. ತಮ್ಮ ನಾಲ್ಕನೇ ಕನ್ಚೆರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದರು. ಮೆಟ್ನರ್ ತಮ್ಮ ಎರಡನೆಯದನ್ನು ರಾಖ್ಮನಿನೊಫ್‌ಗೆ ಅರ್ಪಿಸಿದರು. ಆದರೆ ಗೆಳೆಯನ ಹೆಸರು ಮನೆಮಾತಾಯಿತು, ಇವರದು ಆಗಲಿಲ್ಲ.

ಯುದ್ಧ ಬಂದ ಮೇಲೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಅಷ್ಟಿಷ್ಟು ಹಣವೂ ನಿಂತಿತು. ಬಾಂಬ್ ದಾಳಿಗೆ ಹೆದರಿ ಲಂಡನ್ ಬಿಟ್ಟು, ಶಿಷ್ಯೆ ಎಡ್ನಾ ಐಲ್ಸ್ ಅವರ ಕುಟುಂಬದ ಆಸರೆಯಲ್ಲಿ ಇದ್ದರು. 1942ರಲ್ಲಿ ಹೃದಯಾಘಾತ ಆಯಿತು. 1943ರಲ್ಲಿ ರಾಖ್ಮನಿನೊಫ್ ಅಮೆರಿಕದಲ್ಲಿ ತೀರಿಕೊಂಡರು. ಅಷ್ಟರ ಮಧ್ಯೆಯೂ ಮೂರನೇ ಕನ್ಚೆರ್ಟೊ ಬರೆದು ಮುಗಿಸಿ, 1944ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ತಾವೇ ನುಡಿಸಿದರು. ಆಮೇಲೆ ಮತ್ತೆ ಅದೇ ಮನೆ, ಅದೇ ಕಾಯಿಲೆ, ಅದೇ ತಾಪತ್ರಯ.

*ಮೈಸೂರಿನಿಂದ ಬಂದ ಸುದ್ದಿ*

ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಮೆಟ್ನರ್ ಮನೆಗೆ ಮೈಸೂರು ಮಹಾರಾಜರ ಕಡೆಯಿಂದ ಸುದ್ದಿ ಬಂತು. ನಿಮ್ಮ ರಚನೆಗಳನ್ನು ರೆಕಾರ್ಡ್ ಮಾಡಿಸಬೇಕು ಅಂತಿದ್ದೇವೆ, ನೀವೇ ನುಡಿಸಬೇಕು, ಖರ್ಚು ನಮ್ಮದು ಅನ್ನೋದು ಅದರ ತಾತ್ಪರ್ಯ. ಒಂದೆರಡು ತುಣುಕು ಅಲ್ಲ, ಎಷ್ಟು ಸಾಧ್ಯವೋ ಅಷ್ಟೂ.

ಅರವತ್ತಾರು ವರ್ಷದ, ಹೃದಯ ಸೋತ, ಕೈಯಲ್ಲಿ ಕಾಸಿಲ್ಲದ ಮನುಷ್ಯನಿಗೆ ಇದು ಹೇಗೆ ಕೇಳಿಸಿರಬೇಕು! ತನ್ನ ಸಂಗೀತ ತನ್ನ ಜೊತೆಗೇ ಹೋಗುತ್ತೆ ಅಂದುಕೊಂಡಿದ್ದವರ ಬಾಗಿಲಿಗೆ, ನೋಡಿಯೇ ಇಲ್ಲದ ಊರಿನ ರಾಜ ಬಂದು ನಿಂತ ಹಾಗೆ.

ಇದರಲ್ಲಿ ಗಮನಿಸಬೇಕಾದದ್ದು ಒಂದಿದೆ. ಮಹಾರಾಜರು ಮೆಟ್ನರ್‌ಗೆ ಒಂದು ಪಿಂಚಣಿ ಕಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಅಥವಾ ಆಗಿನ ಹೆಸರಾಂತ ವಾದಕರ ಕೈಲಿ ನುಡಿಸಬಹುದಿತ್ತು. ಹಾಗೆ ಮಾಡಲಿಲ್ಲ. ಬರೆದವರೇ ನುಡಿಸಬೇಕು ಅಂದರು. ಬರೆದವನ ಬೆರಳಿನಲ್ಲಿ ಆ ಸಂಗೀತ ಹೇಗಿತ್ತು ಅನ್ನೋದು ಉಳಿಯಬೇಕು ಅನ್ನೋದು ಸಂಗೀತ ಬಲ್ಲವರಿಗೆ ಮಾತ್ರ ಹೊಳೆಯುವ ವಿಚಾರ. ಸ್ವತಃ ಪಿಯಾನೊ ಮುಂದೆ ಕೂತವರಿಗೆ ಇನ್ನೂ ಚೆನ್ನಾಗಿ ಹೊಳೆಯುತ್ತೆ.

ಕೆಲಸ ಎಚ್‌ಎಂವಿ ಕಂಪನಿಗೆ ಹೋಯಿತು. 1947ರಲ್ಲಿ ಮೂರೂ ಕನ್ಚೆರ್ಟೊಗಳನ್ನು ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ಮೆಟ್ನರ್ ನುಡಿಸಿದರು. ಆಗಿನ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ನಾಲ್ಕೈದು ನಿಮಿಷ ಅಷ್ಟೇ. ಅರ್ಧ ಗಂಟೆ ಮೀರಿದ ಕನ್ಚೆರ್ಟೊವನ್ನು ತುಂಡು ತುಂಡಾಗಿ ನುಡಿಸಬೇಕು. ಈಗಿನ ಹಾಗೆ ತಪ್ಪಿದ ಕಡೆ ಮಾತ್ರ ತೇಪೆ ಹಾಕುವ ಸೌಕರ್ಯ ಇಲ್ಲ. ಒಂದು ಸ್ವರ ಜಾರಿದರೆ ಆ ಮಗ್ಗುಲು ಪೂರ್ತಿ ಮತ್ತೆ. ಹೃದಯ ಕಾಯಿಲೆಯ ಮುದುಕರಿಗೆ ಇದು ಸಣ್ಣ ಶ್ರಮ ಅಲ್ಲ. ಆದರೂ ಆ ರೆಕಾರ್ಡುಗಳಲ್ಲಿ ಆಯಾಸ ಕೇಳಿಸಲ್ಲ.

ಇದಕ್ಕೊಂದು ಸಂಸ್ಥೆಯೂ ಆಯಿತು. ಮಹಾರಾಜರ ನೆರವಿನಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಶುರುವಾಯಿತು. ಅದರ ಹೆಸರಲ್ಲಿ ಮೂರು ಸಂಪುಟ ಪ್ಲೇಟುಗಳು ಹೊರಬಂದವು. ಅದರಲ್ಲಿ ಕನ್ಚೆರ್ಟೊ ಇತ್ತು, ಸೊನಾಟ ಇತ್ತು, ಕಥೆಗಳು ಇದ್ದವು, ಹಾಡುಗಳೂ ಇದ್ದವು. ಎರಡು ಪಿಯಾನೊಗಳ ಒಂದು ರಷ್ಯನ್ ಕುಣಿತದ ರಚನೆಗೆ ಬೆನೊ ಮೊಯ್ಸೆವಿಚ್ ಜೊತೆಯಾದರು. 1950ರಲ್ಲಿ ಎಲಿಸಬೆತ್ ಶ್ವಾರ್ಜ್‌ಕಾಫ್ ಹಾಡಿದರು, ಮೆಟ್ನರ್ ಪಿಯಾನೊ ನುಡಿಸಿದರು. ಶ್ವಾರ್ಜ್‌ಕಾಫ್ ಅಂದರೆ ಮುಂದೆ ಆ ಶತಮಾನದ ದೊಡ್ಡ ಗಾಯಕಿಯರಲ್ಲಿ ಒಬ್ಬರು ಅನ್ನಿಸಿಕೊಂಡವರು.

ಪಿಯಾನೊ ಮತ್ತು ನಾಲ್ಕು ತಂತಿವಾದ್ಯಗಳ ಒಂದು ಕ್ವಿಂಟೆಟ್ ಅನ್ನು ಮೆಟ್ನರ್ ಮಾಸ್ಕೊದಲ್ಲಿ ಯುವಕರಾಗಿದ್ದಾಗ ಶುರು ಮಾಡಿದ್ದರು. ಅದು ಮುಗಿದದ್ದು ಈ ಕೊನೇ ವರ್ಷಗಳಲ್ಲಿ. ನಲವತ್ತಕ್ಕೂ ಹೆಚ್ಚು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದ ಕೃತಿ. ಅದೂ ಅವರ ಕೈಯಲ್ಲೇ ರೆಕಾರ್ಡ್ ಆಯಿತು.

ತಮ್ಮ ಮೂರನೇ ಕನ್ಚೆರ್ಟೊವನ್ನು ಮೆಟ್ನರ್ ಮೈಸೂರು ಮಹಾರಾಜರಿಗೆ ಅರ್ಪಿಸಿದರು. ತಮ್ಮ ಕೆಲಸವನ್ನು ಮೆಚ್ಚಿ ಮುಂದುವರಿಸಿದ್ದಕ್ಕೆ ಕೃತಜ್ಞತೆ ಅಂತ ಅದರ ಅರ್ಪಣೆಯಲ್ಲಿ ಬರೆದರು. ಆ ಕನ್ಚೆರ್ಟೊಗೆ ಬ್ಯಾಲಡ್ ಅಂತಲೂ ಹೆಸರಿದೆ. ರಷ್ಯನ್ ಕವಿ ಲೆರ್ಮಂತೊವ್ ಬರೆದ ಜಲಕನ್ಯೆಯ ಪದ್ಯ ಅದಕ್ಕೆ ಪ್ರೇರಣೆ. ನದಿಯ ತಳದಲ್ಲಿ ಮಲಗಿದ ವೀರ, ಅವನಿಗಾಗಿ ಹಾಡುವ ಜಲಕನ್ಯೆ. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಯಾರೇ ಆ ಕನ್ಚೆರ್ಟೊ ಬಗ್ಗೆ ಬರೆದರೂ ಅಲ್ಲಿ ಮೈಸೂರು ಅನ್ನೋ ಹೆಸರು ಬರುತ್ತೆ.

*ಅರಮನೆಗೆ ಬಂದ ಅತಿಥಿ*

ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಕಟ್ಟಿದವರು ವಾಲ್ಟರ್ ಲೆಗ್. ರೆಕಾರ್ಡ್ ಕಂಪನಿಯ ದೊಡ್ಡ ಕೈ. 1945ರಲ್ಲಿ ಶುರುವಾದ ಅವರ ಆರ್ಕೆಸ್ಟ್ರಾಗೆ ಹಣದ ಮುಗ್ಗಟ್ಟು. ಮಹಾರಾಜರ ಕರೆಯ ಮೇಲೆ ಅವರು ಮೈಸೂರಿಗೆ ಬಂದರು. ಬಂದವರು ಅರಮನೆಯ ಪ್ಲೇಟುಗಳ ಭಂಡಾರ, ದೊಡ್ಡ ದೊಡ್ಡ ಸ್ಪೀಕರ್, ಸಾಲು ಪಿಯಾನೊ ನೋಡಿ ಬೆರಗಾದರು. ಲಂಡನ್ನಿನಲ್ಲೂ ಅಂಥ ಸಂಗ್ರಹ ಅಪರೂಪ.

ಲೆಗ್ ವಾಪಸ್ ಹೋಗುವಾಗ ಮಹಾರಾಜರ ಮಾತು ಪಕ್ಕಾ ಆಗಿತ್ತು. ವರ್ಷಕ್ಕೆ 10 ಸಾವಿರ ಪೌಂಡಿನಂತೆ ಮೂರು ವರ್ಷ. ಆಗಿನ ವಿನಿಮಯ ದರದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ 33 ಸಾವಿರ ರೂಪಾಯಿ. 1948ರಲ್ಲಿ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದದ್ದು ಜಯಚಾಮರಾಜೇಂದ್ರ ಒಡೆಯರ್.

ಇಲ್ಲೂ ಅವರ ಒಲವು ಅದೇ ದಾರಿ. ಎಲ್ಲರೂ ಕೇಳುವ ಕೃತಿಗಳನ್ನು ಕೇಳಲಿಲ್ಲ. ರಷ್ಯಾದ ಬಾಲಾಕಿರೆವ್ ಅವರ ಸಿಂಫನಿ, ಫ್ರಾನ್ಸಿನ ರುಸೆಲ್ ಅವರ ಸಿಂಫನಿ ರೆಕಾರ್ಡ್ ಆಗಬೇಕು ಅಂದರು. ಎರಡೂ ಆಗ ಅಪರೂಪಕ್ಕೆ ಕೇಳಿಬರುತ್ತಿದ್ದ ಕೃತಿಗಳು. ಬಾಲಾಕಿರೆವ್ ಅವರ ಮೊದಲ ಸಿಂಫನಿ, ರುಸೆಲ್ ಅವರ ನಾಲ್ಕನೇ ಸಿಂಫನಿಯನ್ನು 1949ರಲ್ಲಿ ನಡೆಸಿಕೊಟ್ಟವರು ಹರ್ಬರ್ಟ್ ಫಾನ್ ಕರಾಯನ್. ಆಗಿನ್ನೂ ಅವರು ಮುಂದಿನ ಕರಾಯನ್ ಆಗಿರಲಿಲ್ಲ.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊಟ್ಟಮೊದಲ ಸಲ ಕೇಳಿಬಂದವು. ಹಾಡಿದವರು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, ನಡೆಸಿಕೊಟ್ಟವರು ಫುರ್ಟ್‌ವೆಂಗ್ಲರ್. ಸ್ಟ್ರಾಸ್ ಆಗಲೇ ತೀರಿಕೊಂಡಿದ್ದರು. ಆ ಕಚೇರಿಗೆ 4,800 ಡಾಲರ್ ಖಾತರಿ ಕೊಟ್ಟವರು ಮೈಸೂರು ಮಹಾರಾಜರು. ಅವರಿಗೆ ಹೋಗೋಕೆ ಆಗಲಿಲ್ಲ. ಕಚೇರಿಯ ರೆಕಾರ್ಡ್ ಮಾಡಿಸಿ ಮೈಸೂರಿಗೆ ತರಿಸಿಕೊಂಡರು. ಇಂದು ಜಗತ್ತಿನಾದ್ಯಂತ ಹಾಡುವ ಆ ನಾಲ್ಕು ಹಾಡುಗಳು ಮೊದಲು ಹುಟ್ಟಿದ ರಾತ್ರಿಯ ಹಿಂದೆ ನಮ್ಮ ಊರಿನ ಹಣ ಇತ್ತು.

*ಆ ಹಣ, ಆ ಕಾಲ*

ನಮ್ಮ ಊರಿನ ಹಣ ಅಂದ ಮೇಲೆ ಇನ್ನೊಂದು ಮಾತು ಹೇಳದೆ ಬಿಡೋಕೆ ಆಗಲ್ಲ. ಮೆಟ್ನರ್ ಕನ್ಚೆರ್ಟೊಗಳು ರೆಕಾರ್ಡ್ ಆದ 1947 ಮೈಸೂರಿಗೆ ಎಂಥ ವರ್ಷ ಅನ್ನೋದು ಇಲ್ಲಿನ ಹಿರಿಯರಿಗೆ ಗೊತ್ತು. ಮೈಸೂರು ಭಾರತ ಒಕ್ಕೂಟ ಸೇರುವುದಕ್ಕೆ ಮಹಾರಾಜರು ಸಹಿ ಹಾಕಿದ್ದರು. ಆದರೆ ಜನರ ಸರ್ಕಾರ ಬರಲು ತಡ ಆಗುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಚಳವಳಿ ಎದ್ದಿತು. ಜನ ಜೈಲು ತುಂಬಿದರು. ಅಗ್ರಹಾರದ ಹತ್ತಿರ ರಾಮಸ್ವಾಮಿ ಸರ್ಕಲ್ ಇದೆಯಲ್ಲ, ಆ ಹೆಸರು ಬಂದದ್ದು ಆ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯಿಂದ. ಅಕ್ಟೋಬರ್‌ನಲ್ಲಿ ಮಹಾರಾಜರು ಒಪ್ಪಿದರು, 25ರಂದು ಕೆ.ಸಿ. ರೆಡ್ಡಿ ಮುಖ್ಯಮಂತ್ರಿ ಆದರು.

ಒಂದು ಕಡೆ ಬೀದಿಯಲ್ಲಿ ಗುಂಡು, ಇನ್ನೊಂದು ಕಡೆ ಲಂಡನ್ನಿನ ಸ್ಟುಡಿಯೊದಲ್ಲಿ ಮೈಸೂರಿನ ದುಡ್ಡಿನಿಂದ ಪಿಯಾನೊ. ಹೀಗೆ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಪ್ರಶ್ನೆ ಬರುತ್ತೆ. ಅಷ್ಟು ದುಡ್ಡಲ್ಲಿ ಇಲ್ಲಿ ಎಷ್ಟು ಶಾಲೆ, ಎಷ್ಟು ಆಸ್ಪತ್ರೆ ಆಗುತ್ತಿತ್ತು ಅನ್ನೋ ಪ್ರಶ್ನೆ ಅನ್ಯಾಯದ್ದಲ್ಲ. ರಾಜರ ಪ್ರೀತಿಗೂ ಪ್ರಜೆಯ ತುತ್ತಿಗೂ ಒಂದೇ ಬೊಕ್ಕಸ ಅನ್ನಿಸಿದ ಕಾಲ ಅದು.

ಆದರೆ ಇನ್ನೊಂದು ಲೆಕ್ಕವೂ ಇದೆ. ಅದೇ ಕಾಲದ ಎಷ್ಟೋ ಸಂಸ್ಥಾನಗಳ ದುಡ್ಡು ಕುದುರೆ ಜೂಜು, ಕಾರು, ಶಿಕಾರಿಯಲ್ಲಿ ಕರಗಿತು. ಅದರಲ್ಲಿ ಉಳಿದದ್ದು ಏನೂ ಇಲ್ಲ. ಮೈಸೂರಿನ ಈ ದುಡ್ಡಿನಿಂದ ಉಳಿದದ್ದು, ಇಲ್ಲದಿದ್ದರೆ ಕಳೆದೇ ಹೋಗುತ್ತಿದ್ದ ಒಬ್ಬ ಕಲಾವಿದನ ಕೈಬೆರಳು. ಯಾವ ಲೆಕ್ಕ ದೊಡ್ಡದು ಅನ್ನೋದನ್ನು ಓದುಗರೇ ತೂಗಬೇಕು.

*ಇಲ್ಲಿನ ವೀಣೆ, ಇಲ್ಲಿನ ಕೃತಿ*

ಹಾಗಂತ ಅವರು ಬರೀ ಇಂಗ್ಲಿಷ್ ಸಂಗೀತದ ರಾಜ ಅಲ್ಲ. ವೆಂಕಟಗಿರಿಯಪ್ಪನವರ ಹತ್ತಿರ ವೀಣೆ ಕಲಿತರು. ಮೈಸೂರು ವಾಸುದೇವಾಚಾರ್ಯರ ಹತ್ತಿರ ಕರ್ನಾಟಕ ಸಂಗೀತದ ಆಳ ಕಲಿತರು. ಪಿಟೀಲು ಚೌಡಯ್ಯ, ಬಿ. ದೇವೇಂದ್ರಪ್ಪ, ತಿಟ್ಟೆ ಕೃಷ್ಣ ಅಯ್ಯಂಗಾರ್ ಮುಂತಾದವರು ಆಸ್ಥಾನದಲ್ಲಿ ಇದ್ದ ಕಾಲ ಅದು.

ಶ್ರೀವಿದ್ಯಾ ಅನ್ನೋ ಅಂಕಿತದಲ್ಲಿ ಅವರು 94 ಕೃತಿಗಳನ್ನು ಸಂಸ್ಕೃತದಲ್ಲಿ ರಚಿಸಿದರು. ಇಲ್ಲೂ ಅದೇ ಮನಸ್ಸು ಕಾಣುತ್ತೆ. ಎಲ್ಲರೂ ಹಾಡುವ ರಾಗಗಳಷ್ಟೇ ಅಲ್ಲ, ಯಾರೂ ಅಷ್ಟಾಗಿ ಮುಟ್ಟದ ಅಪರೂಪದ ರಾಗಗಳನ್ನು ಹುಡುಕಿ ಹುಡುಕಿ ಕೃತಿ ಕಟ್ಟಿದರು. ಲಂಡನ್ನಿನಲ್ಲಿ ಯಾರೂ ಕೇಳದ ಮೆಟ್ನರ್‌ನನ್ನು ಹುಡುಕಿದ ಕಿವಿಯೇ ಇಲ್ಲಿ ಯಾರೂ ಹಾಡದ ರಾಗವನ್ನು ಹುಡುಕಿದ್ದು.

ಸಂಗೀತ ಬಿಟ್ಟರೂ ಮಾಡಿದ ಕೆಲಸ ಬಹಳ. ಜಯಚಾಮರಾಜ ಗ್ರಂಥರತ್ನಮಾಲೆಯಲ್ಲಿ ಋಗ್ವೇದವೂ ಸೇರಿದಂತೆ ಎಷ್ಟೋ ಸಂಸ್ಕೃತ ಗ್ರಂಥ ಕನ್ನಡಕ್ಕೆ ಬಂದವು. 1950ರಲ್ಲಿ ರಾಜಪ್ರಮುಖರಾದರು. 1956ರಲ್ಲಿ ಕನ್ನಡ ನಾಡು ಒಂದಾದಾಗ ಹೊಸ ಮೈಸೂರು ರಾಜ್ಯದ ಮೊದಲ ರಾಜ್ಯಪಾಲರು ಅವರೇ. 1964ರಿಂದ ಮದ್ರಾಸಿನ ರಾಜ್ಯಪಾಲರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿ ಫೆಲೋಶಿಪ್ ಬಂತು.

*ಕೊನೆಯ ದಿನಗಳು*

ಮೆಟ್ನರ್ 1951ರ ನವೆಂಬರ್ 13ರಂದು ಲಂಡನ್ನಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಮೂರು ಕನ್ಚೆರ್ಟೊ ಮತ್ತು ಇನ್ನೂ ಎಷ್ಟೋ ರಚನೆಗಳು ಪ್ಲೇಟಿಗೆ ಇಳಿದಿದ್ದವು. ಮೈಸೂರಿನಿಂದ ಸುದ್ದಿ ಬಂದದ್ದು ಐದಾರು ವರ್ಷ ತಡ ಆಗಿದ್ದರೆ ಇದು ಯಾವುದೂ ಇರುತ್ತಿರಲಿಲ್ಲ. ಹೆಂಡತಿ ಆನಾ 1958ರಲ್ಲಿ ಮಾಸ್ಕೊಗೆ ಮರಳಿದರು. ಗಂಡನನ್ನು ಮರೆತಿದ್ದ ದೇಶ ಆಮೇಲೆ ಅವರ ಸಮಗ್ರ ಕೃತಿಗಳನ್ನು 12 ಸಂಪುಟಗಳಲ್ಲಿ ಅಚ್ಚು ಮಾಡಿತು.

ಜಯಚಾಮರಾಜೇಂದ್ರ ಒಡೆಯರ್ ಅವರ ಕೊನೆಯ ವರ್ಷಗಳಲ್ಲಿ ರಾಜರ ಕಾಲವೇ ಮುಗಿದಿತ್ತು. 1971ರಲ್ಲಿ ರಾಜಧನವೂ ರದ್ದಾಯಿತು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರು ಅರಮನೆಯಲ್ಲಿ ಅವರು ಕೊನೆಯುಸಿರೆಳೆದರು. ವಯಸ್ಸು ಬರೀ 55.

ಅವರ 94 ಕೃತಿಗಳೂ ಒಟ್ಟಾಗಿ ಪುಸ್ತಕವಾಗಿ ಬಂದದ್ದು 2010ರಲ್ಲಿ, ಅಂದರೆ ಅವರು ಹೋಗಿ 36 ವರ್ಷ ಆದ ಮೇಲೆ. ಅಳಿಯ ರಾಜಚಂದ್ರ ಅವರು ಹೊರತಂದರು. ಬೇರೆಯವರ ಮರೆತ ಸಂಗೀತವನ್ನು ಜಗತ್ತಿಗೆ ಕೇಳಿಸಿದವರ ಸ್ವಂತ ಸಂಗೀತ ಅಷ್ಟು ಕಾಲ ಕಾಯಬೇಕಾಯಿತು. ಇವತ್ತಿಗೂ ಕಚೇರಿಗಳಲ್ಲಿ ಅವರ ಒಂದೆರಡು ಕೃತಿ ಕೇಳಿಬರುತ್ತೆ, ಉಳಿದದ್ದು ಅಪರೂಪ.

*ಈಗ ಕೇಳಬಹುದು*

ಮೆಟ್ನರ್ ಅವರ ಆ ಹಳೇ ರೆಕಾರ್ಡುಗಳು ಮುಂದೆ ಸಿಡಿ ಆಗಿ ಬಂದವು. ಈಗ ಮೊಬೈಲ್‌ನಲ್ಲೇ ಹುಡುಕಿದರೆ ಸಿಗುತ್ತೆ. ಮೆಟ್ನರ್ ಹೆಸರು, ಮೂರನೇ ಪಿಯಾನೊ ಕನ್ಚೆರ್ಟೊ ಅಂತ ಹಾಕಿದರೆ ಸಾಕು. ಹಳೇ ಪ್ಲೇಟಿನ ಕರಕರ ಸದ್ದು ಸ್ವಲ್ಪ ಇರಬಹುದು. ಮೊದಲ ಸಲ ಕೇಳಿದಾಗ ಏನೂ ಹತ್ತದೇ ಹೋಗಬಹುದು, ಅದಕ್ಕೆ ಬೇಸರ ಬೇಡ. ಇನ್ನೊಂದು ಸಲ ಕೇಳಿ. ಅದರ ಜೊತೆಗೇ ಶ್ರೀವಿದ್ಯಾ ಅಂಕಿತದ ಒಂದು ಕೃತಿಯನ್ನೂ ಹುಡುಕಿ ಕೇಳಿ.

ಒಬ್ಬರು ನುಡಿಸುವ ಆಸೆ ಬಿಟ್ಟು ಸಿಂಹಾಸನ ಏರಿದವರು. ಇನ್ನೊಬ್ಬರು ದೇಶ ಬಿಟ್ಟರೂ ನುಡಿಸುವುದು ಬಿಡದವರು. ಇವರ ಆಸೆ ಅವರ ಬೆರಳಲ್ಲಿ ತೀರಿತು ಅಂತಲೇ ಹೇಳಬೇಕು.

ಮುಂದಿನ ಸಲ ಹಾರ್ಡಿಂಜ್ ಸರ್ಕಲ್‌ನಲ್ಲಿ ಸಿಗ್ನಲ್ ಬಿದ್ದು ಗಾಡಿ ನಿಂತಾಗ ಪ್ರತಿಮೆ ಕಡೆ ಒಮ್ಮೆ ತಿರುಗಿ ನೋಡಿ. ಆ ಕೈ ಪಿಯಾನೊ ಮೇಲೂ ಆಡಿತ್ತು, ವೀಣೆ ಮೇಲೂ ಆಡಿತ್ತು.